ರಾತ್ರಿ ಉಸಿರಾಡುವ ಗಿಡಗಳು

ನಮ್ಮ ತಾರಸಿ ತುಂಬ ಕಳ್ಳಿ ಗಿಡಗಳೇ. ನೋಡಲು ಬಂದವರಿಗೆ ಮೊದಲು ಭೂತಗನ್ನಡಿ ಕೊಡುತ್ತೇನೆ. ಮುಳ್ಳಿನ ಬುಡದಲ್ಲಿ ನವಿರು ರೋಮದ ಪುಟ್ಟ ಗುಬುಟೊಂದು ಕಾಣುತ್ತದೆ. ಮುಳ್ಳು, ಹೂವು, ಹೊಸ ಕವಲು ಎಲ್ಲವೂ ಮೂಡುವುದು ಅಲ್ಲಿಂದಲೇ. ನಮ್ಮ ಬೇಲಿಗಳ ಹಾಲುಗಳ್ಳಿಯಲ್ಲಿ ಇದನ್ನು ಹುಡುಕಿದರೂ ಸಿಗದು. ಅದರ ಕುಟುಂಬವೇ ಬೇರೆ. ಕ್ಯಾಕ್ಟಸ್ ಕುಲದ ತವರು ಅಮೆರಿಕ ಖಂಡಗಳು. ಮನೆಮನೆಯ ಬ್ರಹ್ಮಕಮಲವೂ ಇದೇ ಕುಲದ್ದು ಎಂದರೆ ಎಷ್ಟೋ ಜನ ನಂಬುವುದಿಲ್ಲ. ಮರುಭೂಮಿ ಬಿಟ್ಟು ಮಧ್ಯ ಅಮೆರಿಕದ ಕಾಡಿನ ಮರಗಳ ಮೇಲೆ ನೆಲೆ ಕಂಡುಕೊಂಡ ಗಿಡ ಅದು.

ಮುಳ್ಳುಗಳೆಂದರೆ ರೂಪ ಬದಲಿಸಿದ ಎಲೆಗಳು. ಎಲೆಯಿಲ್ಲದ ಮೇಲೆ ಆಹಾರ ತಯಾರಿಸುವ ಹೊಣೆ ಹಸಿರು ಕಾಂಡದ್ದು. ನನ್ನನ್ನು ಈ ಗಿಡಗಳಿಗೆ ಕಟ್ಟಿಹಾಕಿದ್ದು ಅವು ಆ ಕೆಲಸ ಮಾಡುವ ರೀತಿ. ಬಿಸಿಲಲ್ಲಿ ಕಾಂಡದ ಉಸಿರಾಟದ ರಂಧ್ರ ತೆರೆದರೆ ನೀರು ಆವಿಯಾಗಿ ಹೋಗುತ್ತದೆಂದು ಕಳ್ಳಿ ಕತ್ತಲಾಗುವ ತನಕ ಕಾಯುತ್ತದೆ. ರಾತ್ರಿಯ ತಂಪಿನಲ್ಲಿ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ. ಬೆಳಗಾದರೆ ರಂಧ್ರ ಮುಚ್ಚಿಕೊಂಡು, ಆ ದಾಸ್ತಾನಿನಿಂದ ಸಕ್ಕರೆ ಮಾಡಿಕೊಳ್ಳುತ್ತದೆ. ಇಷ್ಟು ಜೋಪಾನದ ಬದುಕಿನಲ್ಲಿ ಬೆಳವಣಿಗೆ ನಿಧಾನವೇ. ಅರಿಝೋನಾದ ಸೊನೋರನ್ ಮರುಭೂಮಿಯ ಸಗ್ವಾರೊ ಕಳ್ಳಿ ಮೊದಲ ಎಂಟು ವರ್ಷಕ್ಕೆ ಮೂರ್ನಾಲ್ಕು ಸೆಂಟಿಮೀಟರ್ ಏರಿದರೆ ಹೆಚ್ಚು. ಮೊದಲ ತೋಳು ಮೂಡಲು ಸಾಮಾನ್ಯವಾಗಿ 50ರಿಂದ 75 ವರ್ಷ ಬೇಕು. ಅಲ್ಲಿಯವರೆಗೂ ಬದುಕಬೇಕಾದರೆ ಎಳವೆಯಲ್ಲಿ ಪಾಲೊ ವರ್ಡೆಯಂಥ ಮರದ ನೆರಳು ಸಿಕ್ಕಿರಬೇಕು.

ನನ್ನ ಅಚ್ಚುಮೆಚ್ಚು ಮೆಕ್ಸಿಕೋ ಮೂಲದ ಚಿನ್ನದ ಬಣ್ಣದ ಗುಂಡುಗಳ್ಳಿ. ಬೇಸಿಗೆಯಲ್ಲಿ ಅದರ ಏಣುಗಳು ಒಳಸೇದಿಕೊಂಡಿರುತ್ತವೆ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಹಾರ್ಮೋನಿಯಂ ತಿದಿಯಂತೆ ಮೆಲ್ಲಗೆ ಬಿಚ್ಚಿಕೊಳ್ಳುತ್ತವೆ. ಬೇರು ಆಳಕ್ಕಿಳಿಯುವುದಿಲ್ಲ, ಮೇಲ್ಮಣ್ಣಲ್ಲೇ ಹರಡಿಕೊಂಡು, ಬಿದ್ದ ನೀರು ಆರುವ ಮೊದಲೇ ಹೀರಿಕೊಳ್ಳುತ್ತದೆ. ಅದಕ್ಕೇ ಅಗಲವಾದ, ಆಳವಿಲ್ಲದ ಕುಂಡ ಒಳ್ಳೆಯದು. ದಪ್ಪ ಮರಳು, ಇಟ್ಟಿಗೆ ಚೂರು, ಸ್ವಲ್ಪ ಎಲೆಗೊಬ್ಬರ ಸಾಕು. ಕುಂಡ ಬದಲಿಸುವಾಗ ಹಳೇ ಪೇಪರನ್ನು ಪಟ್ಟಿಯಾಗಿ ಮಡಿಸಿ ಗಿಡದ ಸುತ್ತ ಸುತ್ತಿ ಎತ್ತುತ್ತೇನೆ. ಬೇರಿನ ಗಾಯ ಮಾಗಲೆಂದು ಆಮೇಲೆ ಒಂದು ವಾರ ನೀರು ಹಾಕುವುದಿಲ್ಲ. ಆ ವಾರ ದಿನಾ ಹೋಗಿ ಸುಮ್ಮನೆ ನೋಡಿ ಬರುವುದೇ ಒಂದು ಸುಖ.

ಈ ಗುಂಡುಗಳ್ಳಿ ಜಗತ್ತಿನ ನರ್ಸರಿಗಳಲ್ಲೆಲ್ಲ ಇದೆ. ತವರಿನ ಬಂಡೆಗಳಲ್ಲಿ ಮಾತ್ರ ಅಳಿವಿನ ಅಂಚಿನಲ್ಲಿದೆ. ಕಾಡಿನಿಂದ ಕಿತ್ತು ಮಾರುವವರಿಂದ ಎಷ್ಟೋ ಬಗೆಯ ಕಳ್ಳಿಗಳಿಗೆ ಇದೇ ಗತಿ ಬಂದಿದೆ. ನೀವು ಕಳ್ಳಿ ಕೊಳ್ಳುವುದಾದರೆ, ಬೀಜದಿಂದ ಬೆಳೆಸಿದ್ದೇ ಎಂದು ಕೇಳಿ ಕೊಳ್ಳಿ.