ಚಿಗರಿ ತೋರಿಸ್ತೀನಿ ಅಂತ ಮಾತು ಕೊಟ್ಟು

ಹೋದ ವರ್ಷ ಮಾರ್ಚ್‌ನಲ್ಲಿ ನನ್ನ ಆಫೀಸಿನ ಗೆಳತಿ ನಾರ್ದರ್ನ್ ಲೈಟ್ಸ್ ನೋಡಲು ನಾರ್ವೆಯ ಟ್ರೋಮ್ಸೋಗೆ ಹೋಗಿದ್ದಳು. ಮೂರು ರಾತ್ರಿಯೂ ಮೋಡ. ತಿಳಿ ಆಕಾಶ ಹುಡುಕುತ್ತಾ ಗೈಡ್ ಇವರನ್ನೆಲ್ಲ ವ್ಯಾನ್‌ನಲ್ಲಿ ಫಿನ್‌ಲ್ಯಾಂಡ್ ಗಡಿವರೆಗೂ ಕರೆದೊಯ್ದನಂತೆ. ಬೆಳಕು ಮಾತ್ರ ಕಾಣಲಿಲ್ಲ. "ಅಷ್ಟು ದುಡ್ಡು ಸುರಿಯೋ ಬದಲು ನಮ್ಮೂರಿಗೆ ಬಾ, ಚಿಗರಿ ತೋರಿಸ್ತೀನಿ" ಅಂದುಬಿಟ್ಟೆ. ಹೀಗೆ ನಾನೂ ಗೈಡ್ ಆದೆ.

ನಮ್ಮೂರು ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ. ಚಿಗರಿ ಅಂದ್ರೆ ಕೃಷ್ಣಮೃಗ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ, ವಿಸ್ತೀರ್ಣ 119 ಚದರ ಕಿ.ಮೀ. ಹೆಸರು ಕೇಳಿ ಬಂಡೀಪುರ ಕಲ್ಪಿಸಿಕೊಳ್ಳಬೇಡಿ. ಇಲ್ಲಿರೋದು ಕುರುಚಲು, ಒಣಹುಲ್ಲು, ಸಾಲುಸಾಲು ನೀಲಗಿರಿ. ಬಯಲು ಹಸಿರಾಗಲಿ ಅಂತ ನೆಟ್ಟ ಆ ಗಿಡಗಳು ಬೆಳೆದಂತೆ ಹುಲ್ಲುಗಾವಲು ಕುಗ್ಗಿತು. ಚಿಗರಿ ಹೇಗೋ ಹೊಂದಿಕೊಂಡವು. ಹಿರಿಯರು ಎರೆಭೂತ ಅನ್ನುತ್ತಿದ್ದ ದೊಡ್ಡ ಹಕ್ಕಿ, ಗ್ರೇಟ್ ಇಂಡಿಯನ್ ಬಸ್ಟರ್ಡ್, ಹೊಂದಿಕೊಳ್ಳಲಿಲ್ಲ. ನಾನಂತೂ ಅದನ್ನು ನೋಡಿಯೇ ಇಲ್ಲ.

ನಾವು ಹೋದದ್ದು ಶಿವರಾತ್ರಿ ಆಸುಪಾಸು. ಆ ಹೊತ್ತಿನ ಹವಾ ನಂಬೋ ಹಾಗಿಲ್ಲ. ಆರಕ್ಕೆ ಕಂಬಳಿ ಬೇಕು, ಒಂಬತ್ತಕ್ಕೆ ಬಯಲೆಲ್ಲ ಬಿಸಿಲುಗುದುರೆ. ಆವತ್ತು ಸಾಲದ್ದಕ್ಕೆ ಮಂಜು ಬೇರೆ. ಹೆಣ್ಣು ಚಿಗರಿಗೂ ಒಣಹುಲ್ಲಿಗೂ ಒಂದೇ ಬಣ್ಣ; ದೂರದಿಂದ ಎದ್ದು ಕಾಣೋದು ಸುರುಳಿ ಕೊಂಬಿನ ಕರಿ ಗಂಡು ಮಾತ್ರ.

ನಿಜವಾದ ಗೈಡ್ ನಮ್ಮ ಕಾಕಾ. ಕಾರು ಹತ್ತೋ ಮೊದಲೇ ಗೆಳತಿಗೆ, "ಕೆಂಪ ಶಾಲು ತಗೀವಾ, ಅದರ ಮೂಗಿಗಿಂತ ಕಣ್ಣ ಚುರುಕ" ಅಂದ. ಅಂಚಿನ ದಾರಿಯಲ್ಲಿ ಒಂದೂವರೆ ತಾಸು ತಿರುಗಿದೆವು. ಸಿಕ್ಕದ್ದು ಗೊರಸಿನ ಗುರುತು, ಮತ್ತೆ ಒಂದು ಹಿಕ್ಕೆಯ ಗುಡ್ಡೆ. ಗಂಡು ದಿನಾ ಅಲ್ಲೇ ಹಿಕ್ಕೆ ಹಾಕಿ "ಇದು ನನ್ನ ಜಾಗ" ಅಂತ ಸಾರುತ್ತದಂತೆ. ಗೆಳತಿ ಅದರದ್ದೂ ಫೋಟೊ ತೆಗೆದಳು, ಪಾಪ.

ಎಂಟಾಯ್ತು. ನನಗೆ ಮಾತು ಉಳಿಸಿಕೊಳ್ಳೋ ಚಿಂತೆ. "ಕಾಕಾ, ಹುಲ್ಲೊಳಗ ಸ್ವಲ್ಪ ಗಾಡಿ ಇಳಿಸೋಣೇನು?" ಅಂದೆ.

"ಹುಚ್ಚೇನ್ಲೇ? ತಾಯಿ ಮರೀನ ಹುಲ್ಲಾಗ ಅಡಗಿಸಿ ದೂರ ಮೇಯಾಕ ಹೋಗಿರತೈತಿ. ನಿನ್ನ ಗಾಲಿಗೆ ಮರಿ ಕಾಣತೈತೇನು?"

ನಾನು ಸುಮ್ಮನಾದೆ. ಹೀಗೆ ಬೈದ ಮನುಷ್ಯ ಪ್ರತಿ ಮಳೆಗಾಲ ಹೊಲದಲ್ಲಿ ರಾತ್ರಿಯೆಲ್ಲ ಡಬ್ಬಿ ಬಡಿದು ಇದೇ ಚಿಗರಿ ಓಡಿಸ್ತಾನೆ. ಎಳೆಯ ಗೋವಿನಜೋಳ ಅಂದ್ರೆ ಅವಕ್ಕೆ ಪ್ರಾಣ. ಬೇಟೆಯಾಡಿದರೆ ಜೈಲು, ಸುಮ್ಮನಿದ್ದರೆ ಬೆಳೆ ಹೋಗುತ್ತೆ. ಬೆಂಗಳೂರಲ್ಲಿ ಕೂತು "ಸೋ ಕ್ಯೂಟ್" ಅನ್ನೋ ನಮಗೆ ಆ ಲೆಕ್ಕ ಗೊತ್ತಿಲ್ಲ.

ಮಂಜು ಕರಗಿತು, ಚಿಗರಿ ಇಲ್ಲ. ಊರ ಕಡೆ ತಿರುಗಿದೆವು. ನಮ್ಮ ಹೊಲದ ತಿರುವಿನಲ್ಲಿ ಕಾಕಾ ತಟ್ಟನೆ ನನ್ನ ಭುಜ ಹಿಡಿದ. "ನಿಂದರಸು."

ಬೋರ್ ನೀರಿಗೆ ಹಾಕಿದ್ದ ಬೇಸಿಗೆ ಗೋವಿನಜೋಳ, ಮೊಳಕಾಲುದ್ದ. ಅದರ ನಡುವೆ ಹದಿನಾಲ್ಕು ಚಿಗರಿ. ಮುಂದೊಂದು ಕರಿ ಗಂಡು, ಕೊರಳೆತ್ತಿ ನಮ್ಮನ್ನೇ ನೋಡುತ್ತಿತ್ತು. ಗೆಳತಿ ಉಸಿರು ಬಿಗಿಹಿಡಿದು ಮೊಬೈಲ್ ಎತ್ತಿದಳು. ನನಗೆ ಖುಷಿಪಡಬೇಕೋ ಏನೋ ತಿಳಿಯಲಿಲ್ಲ, ಕಾಕಾನ ಮುಖ ನೋಡಿದೆ. ಅವನ ಕೈಯಲ್ಲಿ ಆಗಲೇ ಒಂದು ಹೆಂಟೆ ಇತ್ತು. ಎಸೆಯಲಿಲ್ಲ.

"ಆತೇನವಾ?" ಅಂತ ಕೇಳಿದ. ಅವಳು ತಲೆಯಾಡಿಸಿದಳು. ಆಮೇಲೆ "ಹೋಯ್!" ಅಂತ ಕೂಗಿ ಹೆಂಟೆ ಬೀಸಿದ. ಹದಿನಾಲ್ಕೂ ಚಿಮ್ಮಿ ಚಿಮ್ಮಿ ಬದು ದಾಟಿ ನೀಲಗಿರಿ ಸಾಲಿನಲ್ಲಿ ಮರೆಯಾದವು.

ಕಾಕಾ ಹೊಲಕ್ಕಿಳಿದು ತುಳಿದ ಸಾಲು ಎಣಿಸಿ ಬಂದ. "ಆ ಫೋಟೊ ನನಗೂ ಕಳಸವಾ" ಅಂದ. "ಪರಿಹಾರದ ಅರ್ಜಿಗೆ ಹಚ್ಚಬೇಕು."