ಈಎಚ್‌ಟಿ ಪುರಾಣ

‘ಈಎಚ್‌ಟಿ ಹೋಗಿದೆ ಸಾರ್.’ ಎಂಬತ್ತರ ದಶಕದಲ್ಲಿ ಚಾಮರಾಜಪೇಟೆಯ ನಮ್ಮ ಸೋದರಮಾವನ ಟಿವಿ ರಿಪೇರಿ ಅಂಗಡಿಯಲ್ಲಿ ಈ ಮಾತು ಹೊರಬಿದ್ದರೆ ಗಿರಾಕಿಯ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಹಾಗೆಂದರೇನು ಅಂತ ಅವರು ಕೇಳುತ್ತಿರಲಿಲ್ಲ, ಮಾವನೂ ಹೇಳುತ್ತಿರಲಿಲ್ಲ. ನನಗೆ ಮಾತ್ರ ಒಂದೇ ಉಪದೇಶ: ‘ಅದರ ತಂಟೆಗೆ ಹೋಗ್ಬೇಡ ಕಣೋ, ಸ್ವಿಚ್ ಆರಿಸಿದ ಮೇಲೂ ಒದೆಯುತ್ತೆ.’

ನಾನು ಓದಿದ್ದು ಮೆಕ್ಯಾನಿಕಲ್, ಹೊಟ್ಟೆ ಹೊರೆದದ್ದು ಡೆಟ್ರಾಯ್ಟ್‌ನ ಕಾರುಗಳಿಂದ. ಆದರೂ ಆ ತಂಟೆಗೆ ಹೋಗಲೇಬೇಕೆಂಬ ಚಪಲ ಉಳಿದಿತ್ತು. ಡೆಟ್ರಾಯ್ಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ನಮ್ಮ ವಾಸ. ಇಲ್ಲಿ ಹಳಬರು ಮನೆ ಖಾಲಿ ಮಾಡುವಾಗ ನಡೆಯುವ ಎಸ್ಟೇಟ್ ಸೇಲ್‌ಗಳಲ್ಲಿ ನನ್ನ ಹೆಂಡತಿ ಪಿಂಗಾಣಿ ನೋಡುತ್ತಾಳೆ, ನಾನು ಬೇಸ್‌ಮೆಂಟಿಗೆ ಇಳಿಯುತ್ತೇನೆ. ಹಾಗೆ ಸಿಕ್ಕಿದ್ದು ಐವತ್ತರ ದಶಕದ ಒಂದು ಕಪ್ಪು-ಬಿಳುಪು ವಾಲ್ವ್ ಸೆಟ್. ನಮ್ಮ ಊರು ಸಿಟಿಯಾದದ್ದೇ 1973ರಲ್ಲಿ. ಟಿವಿ ಊರಿಗಿಂತ ಹಿರಿಯ.

ಈ ಕಡೆ ಇಂಥ ಪೆಟ್ಟಿಗೆಗಳಿಗೆ ಬರವಿಲ್ಲ. ಡೆಟ್ರಾಯ್ಟ್‌ನಲ್ಲಿ 1947ರಲ್ಲೇ ಟಿವಿ ಪ್ರಸಾರ ಶುರುವಾಗಿತ್ತು. ಪಕ್ಕದ ಶಿಕಾಗೋದಲ್ಲಿ ಜೆನಿತ್, ಮೊಟೊರೋಲಾ, ಅಡ್ಮಿರಲ್ ಎಲ್ಲರೂ ಸೆಟ್ ಮಾಡುತ್ತಿದ್ದರು. ಎಲ್ಲರ ಪೆಟ್ಟಿಗೆಯೊಳಗೂ ಮಾವ ಹೆದರಿಸುತ್ತಿದ್ದ ಆ ಭೂತ ಇದ್ದೇ ಇತ್ತು.

ಭೂತ ಹುಟ್ಟುವ ಬಗೆ ಮಾತ್ರ ಸೊಗಸು. ಪಿಕ್ಚರ್ ಟ್ಯೂಬಿನೊಳಗಿನ ಎಲೆಕ್ಟ್ರಾನ್ ಕಿರಣ ಪರದೆಯ ಮೇಲೆ ಸೆಕೆಂಡಿಗೆ 15,750 ಗೆರೆ ಎಳೆಯಬೇಕು. ಒಂದು ಗೆರೆ ಮುಗಿದೊಡನೆ ಕಿರಣವನ್ನು ಸರ್ರನೆ ಎಡಕ್ಕೆ ಎಳೆದು ತರಬೇಕು. ಆ ಎಳೆತದಲ್ಲಿ, ಕಿರಣವನ್ನು ಬಾಗಿಸುವ ಕಾಯಿಲ್‌ನ ಕರೆಂಟು ತಟಕ್ಕನೆ ತಿರುಗುವಾಗ ವೋಲ್ಟೇಜು ಚಿಮ್ಮುತ್ತದೆ. ಬಚ್ಚಲೊಲೆಯಲ್ಲಿ ನೀರು ಕಾದ ಮೇಲೆ ಉಳಿದ ಕೆಂಡಕ್ಕೆ ಅಜ್ಜಿ ಗೆಣಸು ಹಾಕುತ್ತಿದ್ದಂತೆ, ಹೇಗೂ ಚಿಮ್ಮುವುದನ್ನೇ ಹಿಡಿದು ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಏರಿಸಿ, ಒಂದು ಸಣ್ಣ ರೆಕ್ಟಿಫೈಯರ್ ವಾಲ್ವ್‌ನಿಂದ ಡಿಸಿ ಮಾಡಿದರೆ ಹನ್ನೆರಡು ಸಾವಿರ ವೋಲ್ಟ್ ಆಸುಪಾಸು ಸಿಗುತ್ತದೆ. ಇದೇ ಈಎಚ್‌ಟಿ, ಅಂದರೆ ಎಕ್ಸ್‌ಟ್ರಾ ಹೈ ಟೆನ್ಷನ್. ಯುದ್ಧಕ್ಕೆ ಮುಂಚಿನ ಸೆಟ್‌ಗಳಲ್ಲಿ ಇದಕ್ಕೆ ಗೋಡೆಯ ಕರೆಂಟಿನಿಂದಲೇ ನಡೆಯುವ ದೊಡ್ಡ ಟ್ರಾನ್ಸ್‌ಫಾರ್ಮರ್ ಇಡುತ್ತಿದ್ದರು; ಮುಟ್ಟಿದವರು ಬದುಕುವುದು ಅನುಮಾನ. ಫ್ಲೈಬ್ಯಾಕ್‌ನದು ಬಡ ಕರೆಂಟು. ಹಾಗಂತ ಸಲಿಗೆ ಸಲ್ಲದು. ಪಿಕ್ಚರ್ ಟ್ಯೂಬಿನ ಗಾಜು ಸ್ವತಃ ಕೆಪಾಸಿಟರ್; ಪ್ಲಗ್ ಕಿತ್ತ ಮೇಲೂ ಚಾರ್ಜು ಹಿಡಿದು ಕೂತಿರುತ್ತದೆ. ಮಾವ ಹೇಳಿದ ಒದೆ ಅದೇ.

ನನ್ನ ಸೆಟ್‌ನಲ್ಲಿ ಸದ್ದು ಬರುತ್ತಿತ್ತು, ಪರದೆ ಕಗ್ಗತ್ತಲು. ಗೆರೆ ಎಳೆಯುವ ಭಾಗ ಬದುಕಿದ್ದರೆ ಫ್ಲೈಬ್ಯಾಕ್ ಸಣ್ಣಗೆ ಕೀಂ ಅನ್ನಬೇಕು. ನನ್ನ ವಯಸ್ಸಿನ ಕಿವಿಗೆ ಆ ಸ್ವರ ದಕ್ಕುವುದಿಲ್ಲ. ಮಗಳನ್ನು ಕೂಗಿದೆ. ಅವಳು ಅರ್ಧ ಮೆಟ್ಟಿಲಲ್ಲೇ ಕಿವಿ ಮುಚ್ಚಿಕೊಂಡು, ‘ಅಪ್ಪಾ, ಅದನ್ನ ಆಫ್ ಮಾಡು!’ ಅಂದಳು. ಮೀಟರಿಗಿಂತ ಇದು ವಾಸಿ.

ಅಲ್ಲಿಗೆ ಅನುಮಾನವೆಲ್ಲ ರೆಕ್ಟಿಫೈಯರ್ ಮೇಲೆ. 1ಬಿ3 ಅಂತ ಅದರ ಹೆಸರು, ನೆತ್ತಿಯಲ್ಲೊಂದು ಲೋಹದ ಟೋಪಿ. ಅದರ ಫಿಲಮೆಂಟ್ ಬಿಸಿಯಾಗುವುದು ಫ್ಲೈಬ್ಯಾಕಿಗೇ ಸುತ್ತಿದ ಒಂದೆರಡು ಸುತ್ತು ತಂತಿಯಿಂದ. ದೀಪ ಆರಿಸಿ, ಒಂದು ಕೈ ಜೇಬಿನಲ್ಲಿಟ್ಟುಕೊಂಡು ಜಾಲರಿ ಪೆಟ್ಟಿಗೆಯ ತೂತುಗಳಲ್ಲಿ ಇಣುಕಿದೆ. ಮಂದ ಕೆಂಪು ಕಾಣಬೇಕಿತ್ತು, ಏನೂ ಇಲ್ಲ. ಪ್ಲಗ್ ಕಿತ್ತು, ಚಾಸಿಗೆ ತಂತಿ ಕಟ್ಟಿದ ಸ್ಕ್ರೂಡ್ರೈವರನ್ನು ಪಿಕ್ಚರ್ ಟ್ಯೂಬಿನ ಆನೋಡ್‌ನ ರಬ್ಬರ್ ಟೊಪ್ಪಿಗೆಯಡಿ ತೂರಿಸಿದರೆ ಚಟ್ ಎಂಬ ಕಿಡಿಯೂ ಇಲ್ಲ. ಹೈ ವೋಲ್ಟೇಜು ಹುಟ್ಟಿಯೇ ಇರಲಿಲ್ಲ.

(ದೊಡ್ಡ ಬಣ್ಣದ ಟಿವಿಗಳಲ್ಲಿ ಈ ವೋಲ್ಟೇಜು ಇಪ್ಪತ್ತೈದು ಸಾವಿರ ಮುಟ್ಟುತ್ತಿತ್ತು. 1967ರಲ್ಲಿ ಕೆಲವು ಸೆಟ್‌ಗಳಿಂದ ಎಕ್ಸ್-ರೇ ಸೋರುವುದು ಪತ್ತೆಯಾಗಿ, ಮರುವರ್ಷ ಅಮೆರಿಕದಲ್ಲಿ ಕಾನೂನೇ ಬಂತು. ಇದನ್ನು ಮನೆಯಲ್ಲಿ ಹೇಳಿಲ್ಲ.)

ಹಳೆ ರೇಡಿಯೋ ಸಂತೆಯಲ್ಲಿ ಕೊಂಡ ವಾಲ್ವ್ ಹಾಕಿದೆ. ಪರದೆ ಬೆಳಗಿತು. ಆದರೆ ಬ್ರೈಟ್‌ನೆಸ್ ಏರಿಸಿದಂತೆ ಚಿತ್ರ ಊದಿಕೊಂಡು ಮಬ್ಬಾಗುತ್ತಿತ್ತು: ಆ ವಾಲ್ವೂ ಸವೆದದ್ದು, ಭಾರ ಬಿದ್ದೊಡನೆ ವೋಲ್ಟೇಜು ಕುಸಿಯುತ್ತದೆ. ಇನ್ನೊಂದು ಹಾಕಿದ ಮೇಲೆ ಚಿತ್ರ ನಿಂತಿತು. 2009ರಲ್ಲಿ ಅನಲಾಗ್ ಪ್ರಸಾರ ನಿಂತದ್ದರಿಂದ ನಡುವೆ ಒಂದು ಕನ್ವರ್ಟರ್ ಡಬ್ಬಿ ಬೇಕು, ಅಷ್ಟೆ. ಏಳನೇ ಚಾನೆಲ್ಲಿನ ಸುದ್ದಿ ಬಂತು. ಓದುವಾತನ ಹಣೆ ಮೊಳದುದ್ದ, ಗದ್ದ ಬೆರಳಗಲ. ಅದು ವರ್ಟಿಕಲ್ ಸೆಕ್ಷನ್ನಿನ ಬೇರೆ ರಗಳೆ. ಬಹುಶಃ ಯಾವುದೋ ಪೇಪರ್ ಕೆಪಾಸಿಟರ್ ಸೋರುತ್ತಿದೆ.