ಕುಲಾವಿ ಮೊದಲು, ಕೂಸು ಆಮೇಲೆ

ಬೆಳಗ್ಗೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಓಣಿಯ ಹೆಣ್ಣುಮಗಳೊಬ್ಬಳು ನನ್ನ ತಲೆ ಕೆಡಿಸಿ ಹೋದಳು. ಹಿತ್ತಲ ತಂತಿಯ ಮೇಲೆ ಗೇಣುದ್ದದ ಅಂಗಿ, ಟೊಪ್ಪಿಗೆ, ಲಂಗೋಟಿಗಳನ್ನು ಒಗೆದು ಹಾಕಿದ್ದೆ. ಟ್ರಂಕಿನಲ್ಲಿದ್ದವು, ಬಿಸಿಲು ಕಾಣಲಿ ಅಂತ ತೆಗೆದದ್ದು. ಅವನ್ನು ನೋಡಿದವಳೇ, “ಯಾಕ್ರೀ ಅಕ್ಕಾರ, ಮತ್ತೂ ಗಂಡುಹುಡುಗನಽ ಏನ್ರೀ? ಅಯ್ಯ ಪಾಪ!” ಎಂದಳು. ಮಜ್ಜಿಗೆ ಕೊಟ್ಟೆ, ಅವಳು ಹೋದಳು. ಆ “ಪಾಪ” ಮಾತ್ರ ಮನೆಯಲ್ಲೇ ಉಳಿಯಿತು. ಅದು ಯಾರಿಗೆ ಅಂದದ್ದು? ನನ್ನ ಸೊಸೆಗೋ, ನನಗೋ? ಇನ್ನೂ ಕಣ್ಣು ಬಿಡದ, ಯಾರಿಗೂ ಏನೂ ಕೆಡಕು ಮಾಡದ ಆ ಜೀವಕ್ಕೋ? ಯೋಚಿಸಿದಷ್ಟೂ ಸಿಟ್ಟು ಏರಿತು. ಹುಟ್ಟುವ ಮೊದಲೇ ಒಬ್ಬನಿಗಾಗಿ ಮರುಗುವುದು ಅಂದರೇನು!

ಗಂಡೋ ಹೆಣ್ಣೋ ನಮಗೆ ಗೊತ್ತಿಲ್ಲ. ಹುಟ್ಟುವ ಮೊದಲು ಅದನ್ನು ಪತ್ತೆ ಮಾಡಿಸುವುದನ್ನು 1994ರಲ್ಲೇ ಕಾನೂನು ಮಾಡಿ ನಿಷೇಧಿಸಿದ್ದಾರೆ, ಒಳ್ಳೆಯದೇ ಮಾಡಿದ್ದಾರೆ. ಹೆಣ್ಣೆಂದು ತಿಳಿದ ಕೂಡಲೇ ಬಸಿರನ್ನೇ ತೆಗೆಸುತ್ತಿದ್ದ ನಾಡಿನಲ್ಲಿ ಆ ಬಾಗಿಲಿಗೆ ಅಗಳಿ ಹಾಕಲೇಬೇಕಿತ್ತು. ಆದರೂ ಮನೆಮಂದಿಯೆಲ್ಲ ಗಂಡೇ ಎಂದು ತೀರ್ಮಾನಿಸಿಬಿಟ್ಟಿದ್ದಾರೆ. ಹೊಟ್ಟೆ ಹೀಗೆ ಬಂದರೆ ಗಂಡು, ಹುಳಿ ಬೇಡಿದರೆ ಗಂಡು, ಮುಖ ಕಳೆಗಟ್ಟಿದರೆ ಹೆಣ್ಣು ಎಂಬ ಲೆಕ್ಕಗಳೆಲ್ಲ ನಡೆದಿವೆ. ಲೋಕದಲ್ಲಿ 100 ಹೆಣ್ಣುಮಕ್ಕಳು ಹುಟ್ಟುವಲ್ಲಿ ಸುಮಾರು 105 ಗಂಡುಮಕ್ಕಳು ಹುಟ್ಟುತ್ತಾರೆ. 1710ರಷ್ಟು ಹಿಂದೆಯೇ ಜಾನ್ ಆರ್ಬತ್‌ನಾಟ್ ಎಂಬ ವೈದ್ಯ ಲಂಡನ್ನಿನ ಇಗರ್ಜಿಗಳ 82 ವರ್ಷದ ನಾಮಕರಣದ ಪಟ್ಟಿ ತೆಗೆದು ನೋಡಿ, ಒಂದು ವರ್ಷವೂ ತಪ್ಪದೆ ಗಂಡೇ ಹೆಚ್ಚಿರುವುದನ್ನು ತೋರಿಸಿದ್ದ. ಗಂಡೋ ಹೆಣ್ಣೋ ಎಂಬುದು ತಂದೆಯ ಕಡೆಯಿಂದ ಬರುವ ವರ್ಣತಂತುವಿನಿಂದ ತೀರ್ಮಾನವಾಗುತ್ತದೆ ಎಂಬುದನ್ನು ಶಾಲೆಯ ಮಕ್ಕಳೂ ಓದುತ್ತಾರೆ. ಅಷ್ಟಾದರೂ ಜನ ನೋಡುವುದು ಸೊಸೆಯ ಮುಖವನ್ನೇ. ಇವೆಲ್ಲ ಎಲ್ಲರಿಗೂ ಗೊತ್ತಿರುವ ಮಾತು, ಇಲ್ಲಿಗೇ ಬಿಡುತ್ತೇನೆ.

ನನಗೆ ಬೇಕಿರುವುದು ಆ ತಂತಿಯ ಮೇಲಿನ ಅರಿವೆಗಳ ವಿಷಯ. “ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ” ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಆತುರಗೇಡಿಗಳನ್ನು ಹಂಗಿಸುವ ಗಾದೆ. ಚಿಕ್ಕಂದಿನಿಂದಲೂ ನನಗೆ ಅದು ಸೇರದು. ಕೂಸು ಹುಟ್ಟುವ ಮುಂಚೆ ಹೊಲಿಯದೆ ಇನ್ಯಾವಾಗ ಹೊಲಿಯಬೇಕು? ಹುಟ್ಟಿದ ಮೇಲೆ ಬಾಣಂತಿಗೆ ನೀರು ಕಾಯಿಸಬೇಕು, ಲೋಬಾನದ ಹೊಗೆ ಹಾಕಬೇಕು, ಅಂಟಿನ ಉಂಡಿ ಕಟ್ಟಬೇಕು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯಬೇಕು, ಬಜೆ ತೇಯ್ದು ನೆಕ್ಕಿಸಬೇಕು. ಆಗ ಸೂಜಿ ಹಿಡಿಯಲು ಯಾರಿಗೆ ಪುರುಸೊತ್ತು? ಅದರಲ್ಲೂ ನಮ್ಮಂಥ ಮನೆಯಲ್ಲಿ. ಮೂವರು ಅಣ್ಣತಮ್ಮಂದಿರ ಸಂಸಾರ ಒಂದೇ ಒಲೆಯ ಮೇಲಿದೆ. ಕಿರಾಣಿ ಅಂಗಡಿಯಿದೆ, ಹೊಲವಿದೆ, ಎರಡು ಎಮ್ಮೆಗಳಿವೆ. ನಸುಕಿನಲ್ಲಿ ರೊಟ್ಟಿ ಬಡಿಯಲು ಕೂತರೆ ಬುಟ್ಟಿ ತುಂಬುವ ಹೊತ್ತಿಗೆ ಶಾಲೆಯ ಬಸ್ಸು ಓಣಿಯ ತುದಿಗೆ ಬಂದಿರುತ್ತದೆ. ಸೊಸೆಗೆ ಈಗಾಗಲೇ ಮೂವರು, ನನ್ನ ಮೈದುನನ ಮಗನಿಗೆ ಇಬ್ಬರು, ಐದೂ ಗಂಡೇ. ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಎರಡು ಮಕ್ಕಳೂ ಇಲ್ಲ, 2019–21ರ ಸಮೀಕ್ಷೆಯ ಪ್ರಕಾರ 1.7. ಹೀಗಿರುವಾಗ ನಾಲ್ಕನೆಯದೆಂದರೆ ಜನ ಹುಬ್ಬೇರಿಸುವುದು ಸಹಜ. ಆದರೆ ಬೇಕು ಅಂದವಳು ಅವಳೇ. “ಅತ್ತಿ, ನನಗಿನ್ನೊಂದು ಬೇಕನಸ್ತದ” ಎಂದು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ ಅಂದಳು. ಸಾಕುವ ಶಕ್ತಿ ಮನೆಗಿದೆ, ಹೆರುವ ಮನಸ್ಸು ಅವಳಿಗಿದೆ, ವೈದ್ಯರೂ ತೊಂದರೆ ಇಲ್ಲ ಅಂದಿದ್ದಾರೆ. ಅದರ ಮೇಲೆ ಮಾತಾಡುವವರು ಯಾರು?

ಚೊಚ್ಚಲ ಬಸಿರಿಗೆ ಏನೆಲ್ಲ ಮಾಡುತ್ತಾರೆ ನೋಡಿ. ಕುಬಸ ಮಾಡುತ್ತಾರೆ. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಬಯಕೆಯ ಬುತ್ತಿ, ತವರಿಗೆ ಕರೆದೊಯ್ಯಲು ಅಣ್ಣತಮ್ಮಂದಿರ ಗಾಡಿ. ಎರಡನೆಯದಕ್ಕೆ ಅದರಲ್ಲಿ ಅರ್ಧವೂ ಇರುವುದಿಲ್ಲ. ನಾಲ್ಕನೆಯದು ಬರುವ ಹೊತ್ತಿಗೆ ತಾಯಿಯೇ ಅಂಗಡಿಯ ಲೆಕ್ಕ ಬರೆಯುತ್ತ ಕೂತಿರುತ್ತಾಳೆ, ಬಸುರಿ ಅನ್ನುವುದೇ ಮನೆಯವರಿಗೆ ಮರೆತಿರುತ್ತದೆ. ಕುಬಸವಿಲ್ಲದೆ ಬರುವವನಿಗೆ ಮನೆಯ ಕಡೆಯಿಂದ ಒಂದು ಮರ್ಯಾದೆ ಬೇಡವೇ? ನಾನು ಕೌದಿ ಹೊಲಿಯುತ್ತಿರುವುದು ಅದಕ್ಕೇ.

ಕೌದಿಯ ಮಾತು ಬಂದರೆ ನನ್ನನ್ನು ತಡೆಯುವುದು ಕಷ್ಟ. ಅಂಗಡಿಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಹೊಳೆಯುತ್ತಾ ಕೂತಿರುವ ನಯವಾದ ಬ್ಲ್ಯಾಂಕೆಟ್ ಇದೆಯಲ್ಲ, ಅದನ್ನು ಎಳೆಗೂಸಿನ ಮೈಗೆ ಸೋಕಿಸಲೂ ನನಗೆ ಮನಸ್ಸು ಬಾರದು. ಬೆವರು ಹೀರದು, ಉಚ್ಚೆ ಹೀರದು. ಕೂಸಿಗೆ ಹಳೇ ಹತ್ತಿಯೇ ಆಗಬೇಕು, ನೂರು ಸಲ ಒಗೆದು ನೂಲಿನ ಬಿರುಸೆಲ್ಲ ಕಳೆದಿರಬೇಕು. ನಮ್ಮ ಅತ್ತೆಯವರ ಒಂಬತ್ತು ವಾರಿ ಸೀರೆ ಈಗ ತಳದ ಪದರ. ಅವರು ಹೋಗಿ ಎಷ್ಟೋ ವರ್ಷವಾದರೂ ಸೀರೆಯನ್ನು ಯಾರಿಗೂ ಕೊಡದೆ ಇದಕ್ಕೇ ಎತ್ತಿಟ್ಟಿದ್ದೆ. ನಡುವೆ ನಮ್ಮ ಯಜಮಾನರ ಎರಡು ಹಳೇ ಧೋತರ. ಮೇಲೆ ತುಂಡುಗಳು: ಹಿರಿಯವನು ಮೊದಲ ದಿನ ಶಾಲೆಗೆ ಹಾಕಿಕೊಂಡು ಹೋದ ಚೌಕುಳಿ ಅಂಗಿ, ಎರಡನೆಯವನು ಅಂಬೆಗಾಲಿಕ್ಕಿ ಮೊಣಕಾಲಲ್ಲಿ ಸವೆಸಿದ ಚಡ್ಡಿ, ಮೂರನೆಯವನ ಕುಲಾವಿಯ ಗುಳೇದಗುಡ್ಡದ ಖಣ, ಅವನ ತಲೆ ದೊಡ್ಡದಾದ ಮೇಲೆ ಬಿಚ್ಚಿದ್ದು. ಸೊಸೆಯ ಮದುವೆಯ ವರ್ಷದ ವಾಯಿಲ್ ಸೀರೆಯ ಅಂಚೂ ಇದೆ. ನೆಲದ ಮೇಲೆ ಚಾಪೆ ಹಾಸಿ, ನಾಲ್ಕು ಮೂಲೆಗೆ ಒಳಕಲ್ಲಿನ ಗುಂಡು, ತೂಕದ ಕಲ್ಲು ಹೇರಿಟ್ಟು, ಸುಕ್ಕು ಬಾರದಂತೆ ಅಂಗೈಯಲ್ಲಿ ಒರೆಸಿ ಒರೆಸಿ ಟಾಕಿ ಹಾಕಬೇಕು. ಟಾಕಿ ಒತ್ತಾಗಿರಬೇಕು. ಸಾಲಿನಿಂದ ಸಾಲಿಗೆ ಒಂದು ಬೆರಳು ಅಂತರ, ಹೆಚ್ಚಾದರೆ ಒಗೆದಾಗ ಒಳಗಿನ ಧೋತರ ಮುದ್ದೆಯಾಗುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಯನ್ನು ನೋಡಿದವರಿಗೆ ಇದು ಎಂಥ ಕಲೆ ಎಂಬುದು ಗೊತ್ತು. ಅವರು ಅಂಚಿನ ಒಂದು ಮೂಲೆಯಿಂದ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಮುಗಿಸುವಾಗ ನಾಲ್ಕೂ ಮೂಲೆಗೆ ಬಟ್ಟೆಯನ್ನು ಮುಕ್ಕೋನವಾಗಿ ಮಡಿಸಿ ಹೂವು ಇಡುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೋಳು. ಆ ಹೂವನ್ನು ನಾನೂ ಈ ಸಲ ನಮ್ಮ ಕೌದಿಗೆ ಇಡುತ್ತೇನೆ.

“ಪಾಪ, ಅವನಿಗೆ ಎಲ್ಲಾ ಹಳೇದಽ” ಎಂದು ಜನ ಅನ್ನುತ್ತಾರೆ. ಹೌದು, ಹಳೆಯದೇ. ಹೊಸದನ್ನು ಯಾರು ಬೇಕಾದರೂ ದುಡ್ಡು ಕೊಟ್ಟು ತರಬಹುದು. ಮುತ್ತಜ್ಜಿಯ ಸೆರಗು, ಅಜ್ಜನ ಧೋತರ, ಮೂವರು ಅಣ್ಣಂದಿರ ಅಂಗಿ ಇಷ್ಟೂ ಒಟ್ಟಿಗೆ ಮೈಮೇಲೆ ಬರುವ ಭಾಗ್ಯ ಚೊಚ್ಚಲ ಕೂಸಿಗೆ ಎಲ್ಲಿಂದ ಸಿಗಬೇಕು? ಅದು ಕಡೆಗೆ ಬಂದವನಿಗಷ್ಟೇ ಸಿಗುವ ಆಸ್ತಿ. ತೊಟ್ಟಿಲೂ ಹಾಗೆಯೇ. ನಮ್ಮ ಮನೆಯದು ಕಲಘಟಗಿಯ ತೊಟ್ಟಿಲು. ಸಾಗುವಾನಿ ಕಟ್ಟಿಗೆ, ಅರಗಿನ ಬಣ್ಣ, ಸುತ್ತಲೂ ರಾಮಾಯಣದ, ಕೃಷ್ಣನ ಬಾಲಲೀಲೆಯ ಚಿತ್ರ. ಬೆಣ್ಣೆಯ ಗಡಿಗೆಗೆ ಕೈ ಹಾಕಿದ ಕೃಷ್ಣನ ಮುಖ ಒಂದು ಕಡೆ ಪೂರ್ತಿ ಅಳಿಸಿದೆ. ಕೂತು ಏಳಲು ಕಲಿಯುವಾಗ ಎಲ್ಲರೂ ಅಲ್ಲೇ ಹಿಡಿದು ಜೊಲ್ಲು ಸುರಿಸಿ ಹಲ್ಲು ಊರಿದ್ದಾರೆ, ನನ್ನ ಮಗನೂ ಸೇರಿ. ಬಣ್ಣ ಹಾಕಿಸೋಣ ಎಂದು ಮೈದುನ ಅಂದಾಗ ನಾನು ಬೇಡ ಅಂದೆ. ಆ ಜಾಗ ಇವನಿಗೂ ಬೇಕು.

ಗಂಡುಮಕ್ಕಳು ತುಂಬಿದ ಮನೆ ಎಂದರೆ ಎಲ್ಲರಿಗೂ ನೆನಪಾಗುವುದು ಗಾಂಧಾರಿ. ಎರಡು ವರ್ಷ ಬಸಿರು ಹೊತ್ತು, ಹೆತ್ತದ್ದು ಮಾಂಸದ ಮುದ್ದೆ. ವ್ಯಾಸರು ಅದನ್ನು 101 ಪಾಲು ಮಾಡಿ ತುಪ್ಪದ ಕೊಡಗಳಲ್ಲಿಟ್ಟರು, ನೂರು ಗಂಡು, ಒಂದು ಹೆಣ್ಣು. ನೂರು ಮಂದಿಯನ್ನೂ ನಾವು ಒಟ್ಟಿಗೆ ಕೌರವರು ಎಂದು ಕೈ ತೊಳೆದುಕೊಳ್ಳುತ್ತೇವೆ. ದುರ್ಯೋಧನ, ದುಶ್ಶಾಸನ ಆದ ಮೇಲೆ ಮೂರನೆಯ ಹೆಸರು ಕೇಳಿದರೆ ಬಹಳ ಜನ ತಡವರಿಸುತ್ತಾರೆ. ಆದರೆ ಆದಿಪರ್ವದಲ್ಲಿ ಜನಮೇಜಯ ಹಾಗೆ ಬಿಡುವುದಿಲ್ಲ. ಅವರ ಹೆಸರುಗಳನ್ನು ಹುಟ್ಟಿದ ಕ್ರಮದಲ್ಲಿ ಹೇಳಿ ಎಂದು ಕೇಳುತ್ತಾನೆ, ವೈಶಂಪಾಯನ ಒಂದೊಂದಾಗಿ ಹೇಳುತ್ತಾ ಹೋಗುತ್ತಾನೆ. ಕೆಟ್ಟವರೆಂದು ಕತೆಯೇ ತೀರ್ಮಾನ ಕೊಟ್ಟ ಮಕ್ಕಳಿಗೂ ಅಷ್ಟು ಮರ್ಯಾದೆ! ನೂರರ ಆ ಗುಂಪಿನಲ್ಲಿ ವಿಕರ್ಣನಿದ್ದ. ಭೀಷ್ಮ, ದ್ರೋಣರಂಥವರು ಕೂತಿದ್ದ ಸಭೆಯಲ್ಲಿ ದ್ರೌಪದಿಯ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಡದಿದ್ದಾಗ, ಇವಳನ್ನು ಗೆದ್ದದ್ದು ಧರ್ಮವಲ್ಲ ಎಂದು ಎದ್ದು ನಿಂತು ಹೇಳಿದವನು ಆ ಹುಡುಗ. ಕರ್ಣ ಅವನನ್ನು ಗದರಿಸಿ ಕೂರಿಸಿದ. ಮುಂದೆ ಯುದ್ಧದಲ್ಲಿ ಅವನನ್ನು ಕೊಂದ ಭೀಮನೇ ಅವನಿಗಾಗಿ ಮರುಗಿದ. ಹಸ್ತಿನಾವತಿಯ ಅಂತಃಪುರಕ್ಕೂ ಯಾರೋ ಒಬ್ಬಳು ಮಜ್ಜಿಗೆ ಕೇಳಲು ಬಂದು, ವಿಕರ್ಣನ ಕೊಡ ಒಡೆದ ದಿನ “ಮತ್ತೂ ಗಂಡಽ ಏನ್ರೀ?” ಅಂದಿರಬೇಕು. ಎಷ್ಟನೆಯವನು ಎಂಬುದಕ್ಕೂ ಎಂಥವನು ಎಂಬುದಕ್ಕೂ ಏನು ಸಂಬಂಧ? ನನ್ನ ವಾದ ಇಷ್ಟೇ, ಬರುವವನನ್ನು ಹಿಂದಿನವರ ಲೆಕ್ಕಕ್ಕೆ ಸೇರಿಸಿ ಎಣಿಸಬೇಡಿ. ಮೂವರಾದ ಮೇಲೆ ನಾಲ್ಕನೆಯವನು ಎನ್ನುವುದು ನಮ್ಮ ಎಣಿಕೆ. ಅವನ ಪಾಲಿಗೆ ಅವನೇ ಮೊದಲನೆಯವನು.

ನಮ್ಮ ಹುಡುಗರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವರಾಗಲೇ ಅವನಿಗೆ “ಸಣ್ಯಾ” ಎಂದು ಹೆಸರಿಟ್ಟಿದ್ದಾರೆ. ಮೂರನೆಯವನು ರಾತ್ರಿ ಅವ್ವನ ಹೊಟ್ಟೆಗೆ ಬಾಯಿ ಹಚ್ಚಿ ಅಂದಿನ ಶಾಲೆಯ ಸುದ್ದಿಯನ್ನೆಲ್ಲ ಹೇಳಿ ಮಲಗುತ್ತಾನೆ. ಹಿರಿಯವನು ನನ್ನ ಪಕ್ಕ ಕೂತು ಸೂಜಿಗೆ ದಾರ ಪೋಣಿಸಿಕೊಡುತ್ತಾನೆ. ಮೊನ್ನೆ ನೋಡುತ್ತೇನೆ, ನಾನು ನೀರು ಕುಡಿದು ಬರುವಷ್ಟರಲ್ಲಿ ತಾನೇ ನಾಲ್ಕು ಟಾಕಿ ಹಾಕಿದ್ದಾನೆ. ಡೊಂಕಾಗಿದ್ದವು. ಬಿಚ್ಚಲಿಲ್ಲ. “ಆಯಿ, ಹೆಣ್ಣಾದ್ರೂ ಇದಽ ಕೌದಿನಽ ಅಲ್ಲೇನು?” ಎಂದು ಕೇಳಿದ. “ಹೌದೋ, ಇದಽ” ಎಂದೆ. ಅವನಿಗೆ ಸಮಾಧಾನವಾಯಿತು, ನನಗೂ.

ಆದರೂ ಮಧ್ಯಾಹ್ನ ಟಾಕಿ ಹಾಕುತ್ತಾ ಕೂತಾಗ ಬೆಳಗಿನ ಆ ಹೆಣ್ಣುಮಗಳ “ಪಾಪ”ದ ಹಿಂದೆ ಇನ್ನೊಂದು ಮಾತಿತ್ತೇನೋ ಅನ್ನಿಸಿತು. ನಮ್ಮ ಕಡೆ ನಾಗರಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಅಣ್ಣ ಕರೆಯಲು ಹೋಗುತ್ತಾನೆ, ಅವಳು ಬರುತ್ತಾಳೆ, ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಾರೆ. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ಗುಳ್ಳಡಕಿ ಉಂಡಿ, ಜೋಳದ ಅಳ್ಳು ಎಲ್ಲ ಡಬ್ಬಿ ತುಂಬಿ ಕೂತಿರುತ್ತವೆ. ಗಂಡುಮಕ್ಕಳೇ ಇರುವ ಮನೆಗೆ ಮುಂದೆ ಪಂಚಮಿಗೆ ಯಾರು ಬರುತ್ತಾರೆ, ಜೋಕಾಲಿ ಯಾರಿಗೆ ಕಟ್ಟುವುದು ಎಂಬ ಸಂಕಟ ಅದು. ಆ ಸಂಕಟ ನಿಜವಾದದ್ದು. ನನಗೂ ಹೆಣ್ಣುಮಕ್ಕಳಿಲ್ಲ.

ಆದರೆ ಈಗ ಮನೆ ಬಿಟ್ಟು ಹೋಗುವವರು ಹೆಣ್ಣುಮಕ್ಕಳಷ್ಟೇ ಏನು? ನನ್ನ ಕಿರಿಯ ಮಗ ಪುಣೆಯಲ್ಲಿದ್ದಾನೆ, ಮೈದುನನ ಇನ್ನೊಬ್ಬ ಮಗ ಬೆಂಗಳೂರಿನಲ್ಲಿ. ಈ ಐದು ಹುಡುಗರೂ ನಾಳೆ ಐದು ಊರು ಹಿಡಿಯುತ್ತಾರೆ. ಅವರಿಗೂ ಬಿಟ್ಟುಬಂದ ಮನೆಯೊಂದು ಇರುತ್ತದೆ, ಕರೆಯಲು ಯಾರಾದರೂ ಬರಲಿ ಅಂತ ಅವರೂ ಕಾಯುತ್ತಾರೆ. ಗಂಡುಮಕ್ಕಳನ್ನೂ ಪಂಚಮಿಗೆ ಕರೆಯುವ ಪದ್ಧತಿ ಶುರುವಾಗಬೇಕು. ಬಸ್ಸಿಗೆ ಟಿಕೆಟು ತೆಗೆದುಕೊಂಡು ತಾವಾಗಿ ಬರುವುದಲ್ಲ, ಮನೆಯಿಂದ ಒಬ್ಬರು ಹೋಗಿ “ನಡಿಯಪ್ಪಾ, ಪಂಚಮಿ ಬಂತು” ಎಂದು ಕರೆಯಬೇಕು. ಸೊಸೆಯಂದಿರು ಅವರವರ ತವರಿಗೆ ಹೋಗಲಿ, ಇವರು ಇಲ್ಲಿಗೆ ಬಂದು ತಾವೇ ಶೇಂಗಾ ಹುರಿಯಲಿ, ಬೆಲ್ಲ ಕುಟ್ಟಲಿ, ಉಂಡಿ ಕಟ್ಟಲಿ.

ಉಂಡಿ ಎಂದಾಗ ನೆನಪಾಯಿತು, ಅಳ್ಳಿಟ್ಟು ಈಗ ಮನೆಗಳಲ್ಲಿ ಕಾಣುವುದೇ ಕಡಿಮೆಯಾಗಿದೆ. ಜೋಳವನ್ನು ನೆನೆಸಿ, ಆರಿಸಿ, ಕಾದ ಹಂಚಿನ ಮೇಲೆ ಹಾಕಿ ಅರಳಿಸಬೇಕು. ಜೋಳ ಚಟಚಟ ಸಿಡಿಯುವಾಗ ಅಡುಗೆಮನೆಯಲ್ಲಿ ಮಕ್ಕಳು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಅದನ್ನು ಬೀಸಿ ಹಿಟ್ಟು ಮಾಡಿ, ಬೆಲ್ಲ, ಏಲಕ್ಕಿ ಹಾಕಿ ಹಾಲಿನಲ್ಲಿ ಕಲಸಿದರೆ ಅದರ ಮುಂದೆ ಪೇಟೆಯ ಯಾವ ಪೆಟ್ಟಿಗೆಯ ತಿಂಡಿಯೂ ನಿಲ್ಲುವುದಿಲ್ಲ. ಯುಗಾದಿಯ ಹೊತ್ತಿಗೆ ಹೆರಿಗೆ ಅಂದಿದ್ದಾರೆ. ಪಂಚಮಿಗೆ ಇವನಿಗೆ ಕತ್ತು ನಿಂತಿರುತ್ತದೆ, ತಿನ್ನುವ ವಯಸ್ಸಲ್ಲ. ಅದರ ಮುಂದಿನ ಪಂಚಮಿಗೆ ಖಂಡಿತ ತಿನ್ನುತ್ತಾನೆ. ಅಳ್ಳಿಗೆ ಎಲ್ಲ ಜೋಳವೂ ಆಗುವುದಿಲ್ಲ, ಹಂಚಿನ ಮೇಲೆ ಚೆನ್ನಾಗಿ ಅರಳುವ ತಳಿಯೇ ಬೇಕು. ಈ ವರ್ಷ ಹೊಲದ ಬದುವಿನ ಕಡೆ ನಾಲ್ಕು ಸಾಲು ಅದನ್ನೇ ಬಿತ್ತಿಸಬೇಕೆಂದು ಮೈದುನನಿಗೆ ಹೇಳಬೇಕು.